ಹತ್ತಿ ರಾಣಿಗೆ ಮಾನ್ವಿಯ ಲಾಡಿ

ರಾಯಚೂರು
೩-೮-೧೯೭೮

ಮಾನ್ವಿ ಪಟ್ಟಣದ ನೂಲು, ಬಳೆ, ರಿಬ್ಬನ್ನುಗಳ ಏಕಚ್ಛತ್ರಾಧಿಪತಿ ಶ್ರೀಮಾನ್ ಗುಡುಸಾಬರ ದಿವ್ಯ ಸನ್ನಿಧಿಗೆ,

ಇಲ್ಲಿ ನಾನೂ ನನ್ನ ಬೆವರೂ ಕ್ಷೇಮ. ಅಲ್ಲಿ ನೀನೂ, ಅಂಗಡಿಯ ಯಜಮಾನರಾದ ನಿನ್ನ ಮಾಮೂ ಸತ್ತಾರ್ ಸಾಬರ ಬೈಗುಳವೂ ಕ್ಷೇಮವೆಂದು ನಂಬಿದ್ದೇನೆ.

ದೇವದುರ್ಗದ ಶಾಲೆಯಲ್ಲಿ ನಿನ್ನ ಬೆಂಚಿನ ಮೇಲೆ ಕೂತು ಕೆಟ್ಟ ಈ ಆದೆಪ್ಪ ಇಂದು ಯಾವ ಪದವಿಯಲ್ಲಿದ್ದಾನೆ ಬಲ್ಲೆಯಾ? ವಿಶ್ವವಿದ್ಯಾಲಯದ ಸಂಶೋಧನಾ ಗಾಜಿನ ಮನೆಯ ಮುಖ್ಯ ಸಸ್ಯಪಾಲಕ! ಬಿಸಿಲು ಸಿಗದ ದೇಶದವರು ಅದನ್ನು ಹಿಡಿದಿಟ್ಟುಕೊಳ್ಳಲು ಗಾಜಿನ ಮನೆ ಕಟ್ಟುತ್ತಾರಂತೆ. ರಾಯಚೂರಿನಲ್ಲಿ ಯಾಕೆ ಕಟ್ಟಿದರೆಂದು ನೀನು ಕೇಳಬೇಡ, ನಾನೇ ಕೇಳಿ ಬೈಸಿಕೊಂಡಿದ್ದೇನೆ. “ಹೊರಗಿನ ಹುಳ, ಹೊರಗಿನ ಹೂವಿನ ಪುಡಿ ಒಳಗ ಬರಬಾರದಂತ ಕಟ್ಟ್ಯಾರ. ನಿನ್ನಂಥವ್ರೂ ಬರಬಾರದಿತ್ತು, ಏನ್ ಮಾಡಾದು” ಎಂದರು ನಮ್ಮ ಮರಿಸ್ವಾಮಿ ಸಾಹೇಬರು. ಹತ್ತಿ ತಳಿಯ ವಿಜ್ಞಾನಿಗಳು. ನಕ್ಕರೆ ಕನ್ನಡಕ ಬಿದ್ದು ಒಡೆಯುತ್ತದೆಂಬ ಭಯವಿರುವ ಮನುಷ್ಯ.

ಈ ಅರಮನೆಯಲ್ಲಿ ಒಬ್ಬ ರಾಣಿ ಇದ್ದಾಳೆ. ಸಮುದ್ರದ ಆಚೆಯಿಂದ ಲಕೋಟೆಯಲ್ಲಿ ಬಂದ ಕಾಡುಹತ್ತಿಯ ಬೀಜಗಳಲ್ಲಿ ಮೊಳೆತದ್ದು ಇದೊಂದೇ. ಎಲೆಯ ಮೇಲೆಲ್ಲ ನವಿರು ಕೂದಲು. ನಮ್ಮ ಹತ್ತಿಯ ರಸ ಹೀರಿ ಹೊಲ ಮುದುರಿಸುವ ಜಿಗಿಹುಳಕ್ಕೆ ಈಕೆಯ ಮೇಲೆ ಕೂರಲು ಜಾಗವೇ ಇಲ್ಲ. ಈಕೆಗೂ ನಮ್ಮ ಊರ ಕೆಂಪು ದಂಟಿನ ಹತ್ತಿಗೂ ನಂಟು ಬೆಳೆಸಬೇಕೆಂಬುದು ಸಾಹೇಬರ ಹಟ. ನನ್ನನ್ನು ನಿಲ್ಲಿಸಿ ಹೇಳಿದರು: “ಆದೆಪ್ಪ, ಶಿವರಾತ್ರಿ ಹೊತ್ತಿಗೆ ಈ ಗಿಡದಾಗ ಒಂದು ಅಡ್ಡತಳಿ ಕಾಯಿ ಕೈಗಿಟ್ಟಿ ಅಂದ್ರ ನಿನ್ನ ಕಾಯಂ ಮಾಡ್ರಿ ಅಂತ ಮ್ಯಾಲಕ್ಕ ಬರೀತೀನಿ. ಇಲ್ಲಾಂದ್ರ ದೇವದುರ್ಗದ ಬಸ್ಸು ಎಲ್ಲಿ ನಿಂದ್ರತದ ನಿನಗ ಗೊತ್ತದ.”

ಬಸ್ಸಿನ ಆ ತುದಿಯಲ್ಲಿ ನಮ್ಮವ್ವ ನಿಂತಿದ್ದಾಳೆ. “ಎಣ್ಣಿ ಮಿಲ್ಲಿನಾಗ ಓಡಿಸಿದ್ರು, ಹೋಟೆಲಿನಾಗ ಓಡಿಸಿದ್ರು. ಇನ್ನೊಮ್ಮಿ ಚೇಷ್ಟಿ ಮಾಡಿ ಬಂದಿ ಅಂದ್ರ ಬಾಗಿಲಾ ತೆಗಿಯಂಗಿಲ್ಲ” ಎಂದು ಅಪ್ಪಣೆಯಾಗಿದೆ. ಆದ್ದರಿಂದ ಈ ಸಲ ಚೇಷ್ಟೆಗೆ ಸಂಪೂರ್ಣ ಸನ್ಯಾಸ.

ಗಾಜಿನರಮನೆಯ ಮಹಾಮಂಡಲೇಶ್ವರ,
ಆದೆಪ್ಪ


ಮಾನ್ವಿ
೧೪-೮-೧೯೭೮

ಲೇ ಆದೆಪ್ಪ,

ಪತ್ರ ತಲುಪಿತು. ನಿಮ್ಮವ್ವ ಬಸ್ಸಮ್ಮ ಕಾಕಿ ದೇವದುರ್ಗದಿಂದ ಇಲ್ಲಿಯ ಸಂತೆಗೆ ಬಂದವರು ಬಳೆ ಇಡಿಸಿಕೊಳ್ಳಲು ಅಂಗಡಿಗೆ ಬಂದಿದ್ದರು. “ಗಿಡಕ್ಕ ನೀರ್ ಹಾಕಾ ಕೆಲಸ ಸಿಕ್ಕದಪ್ಪ ನನ್ನ ಮಗಗ” ಎಂದರು. ನಾನು, “ಮುಖ್ಯ ಸಸ್ಯಪಾಲಕ ಅಂದ್ರ ಅದೇ ಅಲ್ಲೇನವಾ” ಎಂದೆ. ನಿನ್ನ ಮರ್ಯಾದೆ ಉಳಿಯಿತು.

ಸಮುದ್ರದಾಚೆಯ ರಾಣಿಯ ಕಥೆ ಚೆನ್ನಾಗಿದೆ. ಹೆಡ್ ಮಾಸ್ತರರಿಗೆ ವರ್ಗವಾಗಿದೆ ಎಂದು ಇಡೀ ಶಾಲೆಯಿಂದ ಹಾರ ಹಾಕಿಸಿ, ಭಾಷಣ ಮಾಡಿಸಿ, ಕಣ್ಣೀರು ಬರಿಸಿದವನು ನೀನು. ಅವರು ಮನೆ ಸಾಮಾನು ಕಟ್ಟಿದ ಮೇಲಲ್ಲವೇ ಅದು ಸುಳ್ಳೆಂದು ಗೊತ್ತಾದದ್ದು? ಆದ್ದರಿಂದ ರಾಣಿಗೆ ನನ್ನ ಸಲಾಮು ಹೇಳು, ಅವಳಿದ್ದರೆ.

ಗುಡುಸಾಬ


ರಾಯಚೂರು
೨೮-೯-೧೯೭೮

ಅಪನಂಬಿಕೆಯ ಆಗರವೂ ನೂಲಿನ ಉಂಡೆಗಳ ಒಡೆಯನೂ ಆದ ಗುಡುಸಾಬರಿಗೆ,

ರಾಣಿ ನನ್ನ ಎದೆಯೆತ್ತರ ಬೆಳೆದಿದ್ದಾಳೆ, ಆದರೆ ಹೂವಿನ ಸುದ್ದಿಯೇ ಇಲ್ಲ. ರಾತ್ರಿ ಉದ್ದವಾದರೆ ಮಾತ್ರ ಮೊಗ್ಗು ಬಿಡುವ ಜಾತಿಯಂತೆ. ಚಳಿಗಾಲ ತಾನಾಗಿ ಬರಲೆಂದು ಕಾದರೆ ಶಿವರಾತ್ರಿ ನಮ್ಮನ್ನು ಕಾಯುವುದಿಲ್ಲ. ಅದಕ್ಕೆ ಸಾಹೇಬರು ಉಪಾಯ ಹೂಡಿದರು. ಗಿಡದ ಸುತ್ತ ಬಿದಿರಿನ ಚೌಕಟ್ಟು. ಹೊತ್ತು ಇರುವಾಗಲೇ ಅದರ ಮೇಲೆ ಕಪ್ಪು ಬಟ್ಟೆ ಹೊದಿಸುವುದು, ಬೆಳಿಗ್ಗೆ ಬಿಸಿಲೇರಿದ ಮೇಲೆ ತೆಗೆಯುವುದು. ಗಿಡಕ್ಕೆ ರಾತ್ರಿ ಬಂತೆಂದು ಸುಳ್ಳು ಹೇಳುವ ಕೆಲಸ! ಗುಡು, ಹುಟ್ಟಿದಾಗಿನಿಂದ ನಾನು ಕಲಿತ ವಿದ್ಯೆಗೆ ಸರ್ಕಾರ ಕೆಲಸ ಕೊಟ್ಟದ್ದು ಇದೇ ಮೊದಲು.

ಕಾಲೇಜಿನ ಹುಡುಗರು ಬಂದು ಬಟ್ಟೆ ಎತ್ತಿ ನೋಡುತ್ತಾರೆ, ನವಿರು ಮುಟ್ಟುತ್ತೇವೆಂದು ಎಲೆ ಚಿವುಟುತ್ತಾರೆ. ಕಳೆ ತೆಗೆಯುವ ಗದ್ದೆಮ್ಮ ದಿನಕ್ಕೆ ಹತ್ತು ಸಲ, “ಯಾಕ ಯಪ್ಪಾ ಇದಕ್ಕ ಪರದಾ?” ಎನ್ನುತ್ತಾಳೆ. ಯಾರೂ ಮುಟ್ಟದ ಹಾಗೆ ನಾನು ಗಂಭೀರವದನನಾಗಿ ಏನೋ ಒಂದು ಹೇಳಿಟ್ಟಿದ್ದೇನೆ. ಏನೆಂಬುದು ಈ ಪತ್ರಕ್ಕೆ ಬೇಡ. ಈಗ ಒಬ್ಬರೂ ಮುಟ್ಟುವುದಿಲ್ಲ.

ಕೃತಕ ರಾತ್ರಿಯ ಅಧಿದೇವತೆ,
ಆದೆಪ್ಪ


ಮಾನ್ವಿ
೧೬-೧೦-೧೯೭೮

ಆದೆಪ್ಪ,

ನಿನ್ನ ಪತ್ರವನ್ನು ಅಂಗಡಿಯಲ್ಲಿ ಗಟ್ಟಿಯಾಗಿ ಓದಿದೆ. ಗಿಡಕ್ಕೆ ಪರದಾ ಎಂದಾಗ ಸತ್ತಾರ್ ಮಾಮೂ ಚಹಾ ಉಗುಳಿಕೊಂಡು ನಕ್ಕರು. ಅಮ್ಮೀ ಒಬ್ಬಳೇ ನಗಲಿಲ್ಲ. “ಕಪಡಾ ಮೋಟಾ ಹೈ ಕ್ಯಾ ಪೂಛ್ ರೇ” ಎಂದಳು, ಬಟ್ಟೆ ದಪ್ಪ ಇದೆಯೋ ಇಲ್ಲವೋ ಕೇಳು ಎಂದು. ತೆಳು ಬಟ್ಟೆಯಾದರೆ ಬೆಳಕು ಜರಡಿ ಹಿಡಿದ ಹಾಗೆ ಒಳಗೆ ಇಳಿಯುತ್ತದಂತೆ. ನಮ್ಮ ಅಮ್ಮೀ ಖಾಸಿಂ ಬೀ ಸಾಹೇಬರು ಹಳೆಯ ಕಾಲದವರು, ನಿನ್ನ ಮಾತನ್ನೂ ನಂಬುತ್ತಾರೆ. ಪಾಪ.

ಗುಡುಸಾಬ


ರಾಯಚೂರು
೧೯-೧೧-೧೯೭೮

ಗುಡೂ! ಗುಡುಸಾಬಾ! ಸಾರ್ವಭೌಮಾ!

ಬಿರುದು ಹುಡುಕಲು ಪುರುಸೊತ್ತಿಲ್ಲ. ಮೊಗ್ಗು ಬಂದಿದೆ! ಒಂದಲ್ಲ, ಕೊಂಬೆ ಕೊಂಬೆಗೆ! ಖಾಸಿಂ ಬೀ ಅಮ್ಮನ ಪಾದಕ್ಕೆ ನನ್ನ ತಲೆ. ಆ ಪತ್ರ ಬಂದ ದಿನ ಬಟ್ಟೆಯ ಒಳಗೆ ನಾನೇ ತೂರಿ ಕೂತು ನೋಡಿದೆ. ನನ್ನ ಅಂಗೈ ಗೆರೆ ನನಗೆ ಕಾಣುತ್ತಿತ್ತು. ಅಂದೇ ಮೇಲೆ ಇನ್ನೊಂದು ಪದರ ಹೊಲಿಸಿ ಹಾಕಿದೆ. ಅದಾದ ಮೇಲೇ ರಾಣಿಯ ಮನಸ್ಸು ಕರಗಿದ್ದು. ಮೊದಲ ಮೊಗ್ಗು ಕಂಡಾಗ ಸಾಹೇಬರು ಕನ್ನಡಕ ಒರೆಸಿದರು, ಹಾಕಿಕೊಂಡರು, ಮತ್ತೆ ಒರೆಸಿದರು. “ಹ್ಞೂಂ” ಎಂದರು. ಅವರ ಮಟ್ಟಿಗೆ ಅದು ಕುಣಿತ.

ಈಗ ಕೆಲಸ ಕೇಳು. ಮಧ್ಯಾಹ್ನದ ಮೇಲೆ, ಮರುದಿನ ಅರಳಲಿರುವ ಮೊಗ್ಗನ್ನು ಹಿಡಿದು ಉಗುರಿನಿಂದ ಸುತ್ತಲೂ ಸೀಳಿ, ದಳವನ್ನೂ ಒಳಗಿನ ಪುಡಿಕಾಳನ್ನೂ ತೆಗೆದು, ನಡುವಿನ ಹೆಣ್ಣು ಕಡ್ಡಿಯೊಂದನ್ನೇ ಉಳಿಸಿ ಕಾಗದದ ಟೋಪಿ ಹಾಕುವುದು. ಬೆಳಿಗ್ಗೆ ಕೆಂಪು ದಂಟಿನ ಗಂಡು ಹೂವು ತಂದು ಅದರ ಪುಡಿ ಸವರುವುದು. ಸವರಿದ ಹೂವಿಗೆ ದಾರದ ಗುರುತು. ಚೀಟಿ ಕಟ್ಟಿದರೆ ನೀರು ಚಿಮುಕಿಸುವಾಗ ಕರಗಿ ಹೋಗುತ್ತದೆ. ಗಿಡ ಕುಂಡದ್ದು, ಎಲ್ಲ ಕಾಯನ್ನೂ ಹೊರುವ ಶಕ್ತಿ ಇಲ್ಲ. ದಾರವಿಲ್ಲದ ಕಾಯನ್ನೆಲ್ಲ ಮುಂದೆ ಕಿತ್ತು, ದಾರವಿದ್ದದ್ದನ್ನು ಮಾತ್ರ ಸಾಕಬೇಕು.

ಗಟ್ಟಿ ಬಣ್ಣದ ಕೆಂಪು ದಾರ ಬೇಕು. ಕೂಡಲೇ! ರಾಯಚೂರಿನ ದಾರ ಒಂದೇ ನೀರಿಗೆ ಬಣ್ಣ ಬಿಡುತ್ತದೆ.

ಉಸಿರು ಹಿಡಿದು ನಿಂತಿರುವ,
ಆದೆಪ್ಪ


ಮಾನ್ವಿ
೨೩-೧೧-೧೯೭೮

ಆದೆಪ್ಪ,

ಬಸ್ಸಿನ ಕಂಡಕ್ಟರ್ ಕೈಯಲ್ಲಿ ಪೊಟ್ಟಣ ಕಳಿಸಿದ್ದೇನೆ. ಸಾದಾ ಕೆಂಪು ದಾರ ಮುಗಿದಿದೆ. ಮೊಹರಂ ಹತ್ತಿರ ಬಂತಲ್ಲ, ಅಲಾಯಿ ದೇವರ ಮುಂದೆ ಕೊರಳಿಗೆ, ಕೈಗೆ ಕಟ್ಟಿಕೊಳ್ಳುವ ಲಾಡಿ ಹೊಸೆಯಲಿಕ್ಕೇ ಎಲ್ಲ ಹೋಗಿದೆ. ಅದಕ್ಕೇ ಲಾಡಿಯನ್ನೇ ಇಟ್ಟಿದ್ದೇನೆ. ರಾಣಿ ಎಂದಮೇಲೆ ಸಾದಾ ದಾರ ಯಾಕೆ? ನೀನು ಆಟ ಹೂಡಿದರೆ ನಾನೂ ಒಂದು ಕಾಯಿ ನಡೆಸಬಲ್ಲೆ.

ಅಂಗಡಿಯಲ್ಲಿ ಜನ ನಿಂತಿದ್ದಾರೆ, ಇಷ್ಟೇ.

ಗುಡುಸಾಬ


ರಾಯಚೂರು
೫-೧೨-೧೯೭೮

ಲಾಡಿ ದಾನಶೂರ ಗುಡುಸಾಬರಿಗೆ,

ನಿನ್ನ ಲಾಡಿ ಬಣ್ಣ ಬಿಡಲಿಲ್ಲ, ಬಿಗಿ ಸಡಿಲಲಿಲ್ಲ. ಅದನ್ನೇ ಕಟ್ಟಿದ್ದೇನೆ. ಪುಡಿ ಸವರುವಾಗ ಕೈ ನಡುಗಿದರೆ ಹೆಣ್ಣು ಕಡ್ಡಿ ಮುರಿಯುತ್ತದೆಂದು ಉಸಿರು ಬಿಗಿಹಿಡಿದಿದ್ದೆ. ಹಿಂದಿನಿಂದ ಸಾಹೇಬರು, “ಉಸಿರು ಬಿಡಲೇ, ಸತ್ತ್ಹೋಗ್ತಿ” ಎಂದರು. ಸವರಿದ ಹೂವುಗಳಲ್ಲಿ ಕೆಲವು ಉದುರಿದವು. ಉಳಿದವುಗಳ ಬುಡದಲ್ಲಿ ಕಡಲೆಕಾಳಿನ ಗಾತ್ರದ ಕಾಯಿ! ದಿನಾ ಬೆಳಿಗ್ಗೆ ಬಟ್ಟೆ ತೆಗೆಯುವಾಗ ನನ್ನ ಎದೆಯೊಳಗೆ ಹಲಗೆ ಬಡಿಯುತ್ತದೆ. ನಗು ಬೇಕಾದರೆ.

ಸಾಹೇಬರು ಸಭೆಗೆಂದು ಬೆಂಗಳೂರಿಗೆ ಹೊರಟರು. ಅವರು ಬಂದ ಮೇಲೆ ದಾರವಿಲ್ಲದ ಕಾಯಿ ಕೀಳುವುದು. ನಾನೂ ಅಲಾಯಿಗೆ ದೇವದುರ್ಗಕ್ಕೆ ಹೋಗಿ ಹುಲಿವೇಷ ಹಾಕಿ ಬರುತ್ತೇನೆ. ನೀರು, ಪರದಾ ಎರಡೂ ಗದ್ದೆಮ್ಮನಿಗೆ ವಹಿಸಿದ್ದೇನೆ. “ನನ್ನ ಕಣ್ಣಾಗ ಇಟ್ಕೊಂಡು ಕಾಯ್ತೀನಿ ಯಪ್ಪಾ” ಎಂದಿದ್ದಾಳೆ, ಕೈಮುಗಿದು. ಯಾಕೆ ಕೈ ಮುಗಿದಳೋ.

ಕಡಲೆಗಾತ್ರದ ಕಾಯಿಗಳ ರಕ್ಷಾಮಣಿ,
ಆದೆಪ್ಪ


ರಾಯಚೂರು
೧೩-೧೨-೧೯೭೮

ಸರ್ವನಾಶಕ್ಕೆ ನೂಲು ಒದಗಿಸಿದ ಗುಡುಸಾಬರಿಗೆ,

ಹುಲಿಯ ಬಣ್ಣ ಕಿವಿಯ ಹಿಂದೆ ಇನ್ನೂ ಇರುವಾಗಲೇ ಈ ಪತ್ರ. ಊರಿಂದ ಬಂದವನು ನೇರ ಗಾಜಿನ ಮನೆಗೆ ಓಡಿದೆ. ಬಟ್ಟೆ ತೆಗೆದರೆ ಗಿಡವೇ ಕಾಣದು. ಲಾಡಿ! ಕೊಂಬೆಗೆ ಲಾಡಿ, ತೊಟ್ಟಿಗೆ ಲಾಡಿ, ಸವರದ ಕಾಯಿಗೆಲ್ಲ ಲಾಡಿ! ಗದ್ದೆಮ್ಮ ಬಾಗಿಲಲ್ಲಿ ನಿಂತು ಹೆಮ್ಮೆಯಿಂದ, “ಒಬ್ರನ್ನೂ ಎಲಿ ಮುಟ್ಟಗೊಡ್ಲಿಲ್ಲ ಯಪ್ಪಾ. ಚಪ್ಲಿ ಬಿಡಿಸಿ, ಕೈಕಾಲು ತೊಳಿಸಿ, ಒಬ್ಬೊಬ್ರನ್ನೇ ಬಿಟ್ಟೀನಿ. ಹರಕಿ ಕಟ್ಕೊಂಡು ಹೋದ್ರು” ಎಂದಳು. ವಾಚ್‌ಮನ್ ಮೆಹಬೂಬ್ ಪಾಷಾ, ಕ್ಯಾಂಟೀನಿನವರು, ಹಾಸ್ಟೆಲ್ ಹುಡುಗರು, ಗಬ್ಬೂರಿನಿಂದ ಬಂದ ಗದ್ದೆಮ್ಮನ ಬೀಗರು!

ನಾನು ಸವರಿದ ಕಾಯಿ ಯಾವುದು, ಸುಮ್ಮನೆ ಆದದ್ದು ಯಾವುದು? ಎಲ್ಲಕ್ಕೂ ಕೆಂಪು ಲಾಡಿ. ಗಿಡ ಭಾರ ತಾಳದೆ ದಿನವೂ ಕಾಯಿ ಉದುರಿಸುತ್ತಿದೆ. ಉಳಿದದ್ದನ್ನು ಕಿತ್ತು ಭಾರ ಇಳಿಸೋಣವೆಂದರೆ ಯಾವುದನ್ನು ಕೀಳಲಿ? ಇನ್ನು ಹತ್ತು ಹನ್ನೆರಡು ದಿನದಲ್ಲಿ ಸಾಹೇಬರು ಬರುತ್ತಾರೆ. ಎಲ್ಲ ನಿನ್ನ ಲಾಡಿಯ ಮಹಿಮೆ. ಪರಿಹಾರ ಸೂಚಿಸತಕ್ಕದ್ದು.

ಹರಕೆ ಗಿಡದ ಪೂಜಾರಿ,
ಆದೆಪ್ಪ


ಮಾನ್ವಿ
೧೬-೧೨-೧೯೭೮

ಪೂಜಾರಪ್ಪಾ,

ಇಷ್ಟು ದಿನದಲ್ಲಿ ಇದೇ ಸೊಗಸಾದ ಪತ್ರ. ಚಪ್ಪಲಿ ಬಿಡಿಸಿದ್ದಂತೂ ಬಹಳ ಹಿಡಿಸಿತು. ಪರಿಹಾರ ಕೇಳಿದ್ದೀಯ: ಗಿಡದ ಮುಂದೆ ಒಂದು ಡಬ್ಬಿ ಇಡು, ತೆಂಗಿನಕಾಯಿ ಅಂಗಡಿ ಹಾಕು, ನನ್ನನ್ನು ಪಾಲುದಾರನನ್ನಾಗಿ ಸೇರಿಸಿಕೋ. ಲಾಡಿ ಎಷ್ಟು ಬೇಕಾದರೂ ಸಿಗುತ್ತದೆ.

ಒಂದು ಅನುಮಾನ. ಲಾಡಿ ಕಳಿಸಿದವನು ನಾನು, ಖರೆ. ಆದರೆ ಅದು ಹರಕೆಯ ಗಿಡ ಎಂದು ಜನರಿಗೆ ಹೇಳಿದವರು ಯಾರು? ಸೆಪ್ಟೆಂಬರಿನಲ್ಲಿ “ಗಂಭೀರವದನನಾಗಿ ಏನೋ ಒಂದು” ಹೇಳಿದೆಯಲ್ಲ, ಅದೇನು? ಕಥೆ ಕಟ್ಟುವಾಗ ಹಿಂದಿನ ಎಳೆ ಮರೆಯಬೇಡ.

ಗುಡುಸಾಬ


ರಾಯಚೂರು
೧೮-೧೨-೧೯೭೮

ಗುಡು,

ಇದು ಆಟ ಅಲ್ಲಲೇ. ಗಿಡ ಅದ. ಲಾಡಿ ಅದಾವ. ಹೌದು, ನಾನೇ ಹೇಳಿದ್ದು, ಇದು ಹರಕಿ ಗಿಡ, ಮುಟ್ಟಿದ್ರ ಕೇಡು ಅಂತ. ಎಲಿ ಚಿವುಟಬಾರದಂತ ಹೇಳಿದೆ. ನಿನ್ನ ಲಾಡಿ ನೋಡಿ ಮಂದಿ ಖರೇ ಅಂತ ನಂಬಿ ಪ್ಯಾಟಿ ಲಾಡಿ ತಂದು ಕಟ್ಟ್ಯಾರ. ಇವತ್ತು ಮತ್ತ ಮೂರು ಕಾಯಿ ಉದುರ್ಯಾವ. ಅದರಾಗ ನಾನು ಸವರಿದ್ದು ಎಷ್ಟೋ, ಗೊತ್ತಿಲ್ಲ. ಕೆಲಸ ಹೋಗ್ಲಿ ಬಿಡು. ನನಗ ಆ ಕಾಯಿ ಬೇಕು. ಬ್ಯಾರೆ ಯಾವುದರ ಮ್ಯಾಲೂ ನಾನು ಹಿಂಗ ಜೀವ ಇಟ್ಟಿಲ್ಲ.

ಆದೆಪ್ಪ


ಮಾನ್ವಿ
೨೦-೧೨-೧೯೭೮

ಆದೆಪ್ಪ,

ನಿನ್ನನ್ನು ಬಲ್ಲಂದಿನಿಂದ ನನ್ನ ಹೆಸರಿಗೆ ಬಿರುದು ಅಂಟಿಸದೆ ನೀನು ಬರೆದ ಮೊದಲ ಪತ್ರ ಇದು. ಓದಿ ಗಾಬರಿಯಾದೆ. ಅಮ್ಮೀಗೆ ಓದಿ ಹೇಳಿದೆ. ಅವಳು ನನ್ನ ತಲೆಗೆ ಒಂದು ಬಿಟ್ಟಳು. “ಅವ ಮೊದಲಿಂದ ಖರೇನೇ ಹೇಳಾಕತ್ತಿದ್ದ, ನಿನಗೇ ಕಿವಿ ಇಲ್ಲ” ಎಂದಳು.

ಈಗ ನಾನು ಹೇಳದೆ ಬಿಟ್ಟದ್ದನ್ನು ಹೇಳುತ್ತೇನೆ. ಆ ಪೊಟ್ಟಣದಲ್ಲಿ ಇದ್ದದ್ದು ಅಂಗಡಿಯ ಮಾಲಲ್ಲ. ನಾನು ಚೇಷ್ಟೆಗೆ ಲಾಡಿ ಕಟ್ಟುತ್ತಿದ್ದಾಗ ಅಮ್ಮೀ ಕಸಿದುಕೊಂಡು, “ಆದೆಪ್ಪನ ಗಿಡಕ್ಕ ಬಜಾರದ್ದು ಯಾಕ?” ಎಂದು ತಾನೇ ಕೂತು ಹೊಸೆದುಕೊಟ್ಟಳು, ದುವಾ ಹೇಳುತ್ತಾ. ನಿನಗೆ ತಿಳಿದರೆ ನಗುತ್ತೀ ಎಂದು ನಾನು ಬರೆಯಲಿಲ್ಲ.

ಅವಳ ತವರಿನಲ್ಲಿ ಒಂದು ರೂಢಿ ಇದೆ. ಕೆಂಪು ಲಾಡಿಯ ಹೊಟ್ಟೆಯೊಳಗೆ ಒಂದು ಹಸಿರು ಎಳೆ ಇಟ್ಟು ಹೊಸೆಯುತ್ತಾರೆ. ಮೇಲೆ ಕಾಣುವುದಿಲ್ಲ. ತುದಿಯನ್ನು ಬಿಡಿಸಿ ನೋಡಬೇಕು. ಅಂಗಡಿಯ ಲಾಡಿಯಲ್ಲಿ ಅದು ಇರುವುದಿಲ್ಲ, ರಾಯಚೂರಿನದರಲ್ಲಂತೂ ಇಲ್ಲವೇ ಇಲ್ಲ.

ಹೋಗು, ತುದಿ ಬಿಡಿಸಿ ನೋಡು. ಓಡಲೇ!

ಗುಡು


ರಾಯಚೂರು
೨೬-೧೨-೧೯೭೮

ಗುಡೂ, ಮತ್ತು ಸಕಲ ಬಿರುದುಗಳಿಗೂ ಮೀರಿದ ಖಾಸಿಂ ಬೀ ಅಮ್ಮಾ,

ಹಸಿರು ಸಿಕ್ಕಿತು! ಸಿಕ್ಕಿತು, ಸಿಕ್ಕಿತು!

ಸಾಹೇಬರ ಭೂತಗನ್ನಡಿ ಹಿಡಿದು ಒಂದೊಂದೇ ಲಾಡಿಯ ತುದಿ ಬಿಡಿಸಿದೆ. ಉಳಿದವನ್ನು ಕತ್ತರಿಸಲು ಕತ್ತರಿ ತೆಗೆದರೆ ಗದ್ದೆಮ್ಮ ಕೈ ಹಿಡಿದಳು. “ಬ್ಯಾಡ ಯಪ್ಪಾ, ಮಂದಿ ಹರಕಿ ಕತ್ತರಿಸಬಾರ್ದು. ಬಿಚ್ಚಿ ಬ್ಯಾರೆ ಕಡೆ ಕಟ್ಟಮು.” ಸರಿ, ಬಿಚ್ಚಿ ಬಿಚ್ಚಿ ಬಿದಿರಿನ ಚೌಕಟ್ಟಿಗೆ ಕಟ್ಟಿದೆವು. ಆಕೆಗೆ ಎಲ್ಲ ನೆನಪಿದೆ. “ಇದು ಮೆಹಬೂಬ್ ಪಾಷಾಂದು, ಮಗಳಿಗೆ ಗಂಡು ಸಿಗಲಂತ. ಇದು ಹಾಸ್ಟೆಲ್ ಹುಡುಗಂದು, ಗಣಿತದಾಗ ಪಾಸಾಗಲಂತ. ಇದು ನಂದು, ನಿನಗ ಬುದ್ಧಿ ಬರಲಂತ.”

ಹಸಿರು ಎಳೆಯ ಕಾಯಿ ಎರಡೇ ಉಳಿದಿವೆ, ಗುಡು. ಆದರೆ ಗಟ್ಟಿಯಾಗಿವೆ.

ಇನ್ನು ನಿನ್ನೊಬ್ಬನಿಗೇ ಹೇಳುವ ಗುಟ್ಟು. ಎಲ್ಲಕ್ಕಿಂತ ಒಳಗಿನ ಕೊಂಬೆಯಲ್ಲಿ ಲಾಡಿಯಲ್ಲದ ಒಂದು ಗಂಟು ಇತ್ತು. ಕಡತ ಕಟ್ಟುವ ಆಫೀಸಿನ ಕೆಂಪು ಫೀತೆ! ಅಚ್ಚುಕಟ್ಟಾದ ಜೋಡಿ ಗಂಟು. “ಇದ್ಯಾರ್ದು?” ಎಂದೆ. ಗದ್ದೆಮ್ಮನಿಗೂ ತಿಳಿಯದು. “ನೀ ನನಗ ಕಾವಲಾ ಒಪ್ಪಿಸೋದಕ್ಕಿಂತ ಮೊದ್ಲೇ ಇತ್ತು” ಎಂದಳು. ಫೀತೆಯ ಕಪಾಟಿನ ಬೀಗದಕೈ ಇರುವುದು ಒಬ್ಬರೇ ಮಹಾನುಭಾವರ ಹತ್ತಿರ.

ಅವರು ನಿನ್ನೆ ಬಂದರು. ಚೌಕಟ್ಟು ನೋಡಿದರು.

“ಇದೇನಲೇ?”

“ಹರಕಿ ರೀ ಸರ್.”

“ವಿಶ್ವವಿದ್ಯಾಲಯದಾಗ ಇವೆಲ್ಲಾ ನಡ್ಯಂಗಿಲ್ಲ. ಎಲ್ಲಾ ತಗದು ಒಗಿ.”

“ಒಗೀತೀನ್ರಿ ಸರ್. ಈ ಫೀತಿ ಒಂದು ಆಫೀಸಿಂದು ಕಾಣಸ್ತದ. ಯಾರ್ದಂತ ಎಲ್ಲಾರ್ನೂ ಕೇಳಿ ಕೊಟ್ಟು ಬರ್ಲೇನ್ರಿ?”

ಸಾಹೇಬರು ಕನ್ನಡಕ ತೆಗೆದರು. ಒರೆಸಿದರು. ಬಹಳ ಹೊತ್ತು ಒರೆಸಿದರು.

“ಇರ್ಲಿ ಬಿಡು. ಚೌಕಟ್ಟಿನ ಮ್ಯಾಲ ಇದ್ರ ಗಿಡಕ್ಕೇನೂ ತೊಂದ್ರಿ ಇಲ್ಲ.”

ಗುಡು, ನಾನು ನಗಲಿಲ್ಲ. ನನ್ನ ಇಡೀ ಬಾಳಿನ ಅತಿ ದೊಡ್ಡ ತಪಸ್ಸು ಅದು. ಆಮೇಲೆ ಇಬ್ಬರೂ ಸೇರಿ ಹಸಿರು ಎಳೆಯಿಲ್ಲದ ಕಾಯನ್ನೆಲ್ಲ ಕಿತ್ತೆವು. ಎಳೆ ಸುಳ್ಳಾಗಿದ್ದರೆ ಎಲ್ಲವೂ ಹೋದಂತೆ. ಖಚಿತವಾಗುವುದು ಬೀಜ ಮೊಳೆತಾಗಲೇ: ರಾಣಿಯ ದಂಟು ಹಸಿರು, ಗಂಡಿನದು ಕೆಂಪು. ನಂಟು ಕೂಡಿದ್ದರೆ ಮೊಳಕೆಯ ದಂಟಿಗೆ ಕೆಂಪು ಇಳಿಯುತ್ತದೆ.

ಎರಡು ಕಾಯಿಗಳ ಕಾವಲುಗಾರ,
ಆದೆಪ್ಪ


ರಾಯಚೂರು
೧೨-೩-೧೯೭೯

ಗುಡು,

ಶಿವರಾತ್ರಿಗೆ ಮೊದಲೇ ಕಾಯಿ ಒಡೆದವು. ನಾನು ಬರೆಯಲಿಲ್ಲ, ಬಾಯಿ ಬಿಟ್ಟರೆ ಹಾಳಾಗುತ್ತದೆಂದು ಹೆದರಿದೆ. ಬೀಜ ಬಿಡಿಸಿ ಮರಳಿನಲ್ಲಿ ಊರಿದೆವು. ಇಂದು ಬೆಳಿಗ್ಗೆ ಸಾಹೇಬರು ನನಗಿಂತ ಮೊದಲೇ ಬಂದು ತಟ್ಟೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. “ಬಾರಲೇ ಇಲ್ಲಿ” ಎಂದರು. ಮರಳು ಬಿರಿದಿತ್ತು. ಬೆನ್ನು ಬಗ್ಗಿಸಿದ ಮೊಳಕೆಗಳು ಎದ್ದಿದ್ದವು, ಒಂದರ ಹಿಂದೆ ಒಂದು.

ಕೆಂಪು! ಗುಡು, ಎಲ್ಲದರ ದಂಟೂ ಕೆಂಪು! ಎಲೆ ಹೊಟ್ಟೆಯೊಡೆದು ಬರಲಿ, ಮೇಲೆ ನವಿರು ಮೂಡುತ್ತದೆ ನೋಡು! ಗದ್ದೆಮ್ಮ ಬಂದು ಕೈಮುಗಿದಳು. ಈ ಸಲ ನಾನೂ ಮುಗಿದೆ. ಸಾಹೇಬರು ಮುಗಿಯಲಿಲ್ಲ, ಕಿಸೆಯೊಳಗೆ ಕೈ ಇಟ್ಟುಕೊಂಡರು. ಒಳಗೆ ಏನು ಮಾಡಿದರೋ ನಾನು ಕಾಣೆ. ಆದರೆ ನಕ್ಕರು, ಕನ್ನಡಕ ಬೀಳಲಿಲ್ಲ.

ಮಧ್ಯಾಹ್ನ ನನ್ನನ್ನು ಆಫೀಸಿಗೆ ಕರೆದರು. ನನ್ನನ್ನು ಕಾಯಂ ಮಾಡಬೇಕೆಂದು ಬರೆದಾಗಿತ್ತು. ಕಡತದೊಳಗೆ ಇಟ್ಟರು, ರ‍್ಯಾಪರು ಮಡಿಚಿದರು, ಕಟ್ಟಲು ಫೀತೆ ಹುಡುಕಿದರು. ಇರಲಿಲ್ಲ. ಆ ಕಡತದ ಫೀತೆ ಎಲ್ಲಿದೆಯೆಂದು ಇಬ್ಬರಿಗೂ ಗೊತ್ತಿತ್ತು, ಗಾಜಿನ ಮನೆಯ ಬಿದಿರಿನ ಮೇಲೆ. ಇಬ್ಬರೂ ಗೋಡೆ ನೋಡಿದೆವು. ಕೊನೆಗೆ ಅವರು ತಲೆಯೆತ್ತದೆ ಸುಮ್ಮನೆ ಕೈ ಚಾಚಿದರು. ನಾನು ಅಂಗಿಯ ಜೇಬಿನಿಂದ ಅಮ್ಮೀ ಹೊಸೆದ ಲಾಡಿಯಲ್ಲಿ ಉಳಿದ ತುಂಡು ತೆಗೆದುಕೊಟ್ಟೆ. ಜೋಡಿ ಗಂಟು ಹಾಕಿ ಕಟ್ಟಿದರು. ನಾನು ಆ ಗಂಟನ್ನು ಮೊದಲೇ ನೋಡಿದ್ದೆನಲ್ಲ, ಗುರುತು ಸಿಕ್ಕಿತು.

ಅದು ಇಂದಿನ ಟಪಾಲಿನಲ್ಲಿ ಬೆಂಗಳೂರಿಗೆ ಹೋಯಿತು. ದೊಡ್ಡ ಆಫೀಸಿನ ಸಾವಿರ ಕೆಂಪು ಫೀತೆಗಳ ನಡುವೆ ಒಂದರ ಹೊಟ್ಟೆಯಲ್ಲಿ ಹಸಿರು ಎಳೆ ಇದೆ ಎಂದು ಅಮ್ಮೀಗೆ ಹೇಳು. ನಮ್ಮವ್ವ ಅಂಗಡಿಗೆ ಬಂದರೆ, ಮನೆಯ ಬಾಗಿಲು ತೆರೆದೇ ಇರಲಿ, ಹಬ್ಬಕ್ಕೆ ಬರುತ್ತೇನೆಂದು ಹೇಳು.

ಗಿಡಕ್ಕೆ ನೀರು ಹಾಕುವ,
ಆದೆಪ್ಪ